ಮೀಸೆ ಸವೆದ ಎರಡು ಮೀನು

ನನ್ನ ತಂಗಿಯ ಮೇಲೆ ನನಗೆ ಹೊಟ್ಟೆಕಿಚ್ಚು ಶುರುವಾದದ್ದು ಎಪ್ಪತ್ತು ದಾಟಿದ ಮೇಲೆ. ಅದಕ್ಕೂ ಮೊದಲು ಅದರ ಅಗತ್ಯವೇ ಬಿದ್ದಿರಲಿಲ್ಲ.

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಲ್ಲಿ ನಮ್ಮ ತಂದೆಗೆ ಕೊಬ್ಬರಿ ವ್ಯಾಪಾರ. ಇಬ್ಬರು ಹೆಣ್ಣುಮಕ್ಕಳಲ್ಲಿ ದೊಡ್ಡವಳಾದ ನನ್ನನ್ನು ದೂರದ ಕಾನ್ವೆಂಟಿನ ಬೋರ್ಡಿಂಗಿಗೆ ಸೇರಿಸಿದರು. ಚಿಕ್ಕವಳು ಅಮ್ಮನಿಗೆ ಜೊತೆಯಾಗಿರಲಿ ಎಂದು ಊರಿನ ಶಾಲೆಯಲ್ಲೇ ಉಳಿದಳು. ರಜೆಗೆ ನಾನು ಬಂದರೆ ಅವಳು ನನ್ನ ಟ್ರಂಕಿನ ಪಕ್ಕ ಬಿಟ್ಟು ಏಳುತ್ತಿರಲಿಲ್ಲ. ನನ್ನ ಶೂಗಳ ಲೇಸು ಬಿಚ್ಚುವಳು, ಮತ್ತೆ ಕಟ್ಟುವಳು. ನನಗೆ ಗಿಡ್ಡವಾದ ಫ್ರಾಕುಗಳೆಲ್ಲ ಅವಳಿಗೆ ಹೋಗುತ್ತಿದ್ದವು. ಮಾರಲ್ ಸೈನ್ಸ್ ತರಗತಿಯಲ್ಲಿ ಕಾನ್ವೆಂಟಿನ ಸಿಸ್ಟರ್ ಒಬ್ಬರು ಬೋರ್ಡಿನ ಮೇಲೆ ಎನ್ವಿ ಎಂದು ದುಂಡಗೆ ಬರೆದು, ಇದು ಮನುಷ್ಯರನ್ನು ಒಳಗಿನಿಂದ ತಿನ್ನುವ ಹುಳ ಎಂದಾಗ ನನಗೆ ತಂಗಿಯ ನೆನಪು ಬಂತು. ಪೂರ್ ಥಿಂಗ್ ಎಂದುಕೊಂಡು ಆ ಸಂಜೆ ಚಾಪೆಲ್‌ನಲ್ಲಿ ಅವಳಿಗಾಗಿ ಪ್ರಾರ್ಥಿಸಿದೆ. ಟು ಬಿ ಫ್ರಾಂಕ್, ಆ ಪ್ರಾರ್ಥನೆಯಲ್ಲಿ ಸ್ವಲ್ಪ ಖುಷಿಯೂ ಇತ್ತು.

ಅವಳಿಗೆ ಆ ಹುಳ ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನನಗೆ ಅದು ಹತ್ತಿದ್ದು ಮೀನಿನಿಂದ.

ಎರಡು ವರ್ಷದ ಹಿಂದೆ ನನ್ನ ಕಣ್ಣಿನ ಪೊರೆ ತೆಗೆದರು. ಪಟ್ಟಿ ಬಿಚ್ಚಿದ ಮೇಲೆ ಎಲ್ಲವೂ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಜೋಗಿಮಟ್ಟಿಯ ಮೇಲಿನ ಗಾಳಿಯಂತ್ರದ ರೆಕ್ಕೆಗಳನ್ನು ದುರ್ಗದ ನಮ್ಮ ಮನೆಯ ತಾರಸಿಯಿಂದ ಎಣಿಸಿ ಯಜಮಾನರಿಗೆ ಹೇಳಿದ್ದೆ. ದುರ್ಗದ ಆ ಕಣ್ಣಿನ ಕ್ಲಿನಿಕ್ಕಿನ ಪಕ್ಕದಲ್ಲೇ ಒಂದು ಅಕ್ವೇರಿಯಂ ಅಂಗಡಿ. ಚೆಕಪ್ಪಿಗೆ ಹೋದಾಗ ಸುಮ್ಮನೆ ಒಳಗೆ ಹೋದೆ. ಮೇಲೆ ಕೆಂಪು, ಕಿತ್ತಳೆ ಮೀನುಗಳು ಮದುವೆಮನೆಯ ಹೆಂಗಸರ ಹಾಗೆ ಓಡಾಡುತ್ತಿದ್ದವು. ಕೆಳಗೆ, ತಳದಲ್ಲಿ, ಹೆಬ್ಬೆರಳಿಗಿಂತ ಚಿಕ್ಕವಾದ ಕಂಚುಬಣ್ಣದ ಕೆಲವು ಮೀನುಗಳು ಮೂತಿ ನೆಲಕ್ಕೆ ಹಚ್ಚಿ ಏನೋ ಹುಡುಕುತ್ತಿದ್ದವು. ಬಾಯಿಯ ಸುತ್ತ ಚಿಕ್ಕ ಚಿಕ್ಕ ಮೀಸೆ. ನಾನು ಬಗ್ಗಿ ನೋಡಿದೆ. ಅವುಗಳಲ್ಲಿ ಒಂದು ನನ್ನ ಕಡೆಗೆ ತಿರುಗಿ ಕಣ್ಣು ಹೊಡೆಯಿತು. ಮೀನಿಗೆ ರೆಪ್ಪೆ ಇಲ್ಲ, ನನಗೂ ಗೊತ್ತು. ಕಣ್ಣುಗುಡ್ಡೆಯನ್ನು ಥಟ್ಟನೆ ಕೆಳಕ್ಕೆ ಹೊರಳಿಸಿ ಮತ್ತೆ ಎತ್ತಿತು, ಅಷ್ಟೇ. ಆದರೆ ನನ್ನ ಹೊಸ ಕಣ್ಣಿಗೆ ಮೊದಲು ಕಣ್ಣು ಹೊಡೆದದ್ದು ಅದೇ.

ಅಂಗಡಿಯವರು ನಡುವಯಸ್ಸಿನವರು. "ಮೇಡಂ, ಅವು ಕೆಳಗೇ ಬಿದ್ದಿರ್ತವೆ. ಮಿಕ್ಕಿದ್ದು ಪಕ್ಕಿದ್ದು ತಿನ್ಕಂಡು ಕ್ಲೀನ್ ಮಾಡ್ತಾವೆ ಅಷ್ಟೇಯ. ನೋಡಾಕೇನೈತೆ ಅವ್ನ? ಗೋಲ್ಡ್ ಫಿಶ್ ತಗಳ್ರಿ," ಎಂದರು.

"ನನಗೆ ಇವೇ ಬೇಕು."

"ಹಂಗಾದ್ರೆ ಆರು ತಗಳ್ರಿ. ಒಂದೆರಡಾದ್ರೆ ಹೆದರ್ಕಂಡು ಮೂಲೆ ಹಿಡಿದುಬಿಡ್ತಾವೆ. ಗುಂಪಿನ ಜೀವ ಅವು." ಹೆಸರು ಕೇಳಿದ್ದಕ್ಕೆ ಕೋರಿ ಎಂದರು. ಪೂರ್ತಿ ಹೆಸರು ಕೋರಿಡೋರಸ್ ಎಂದು ಮನೆಗೆ ಬಂದು ಫೋನಿನಲ್ಲಿ ಓದಿ ತಿಳಿದುಕೊಂಡೆ. ತಳದಲ್ಲಿ ಬಾಳುವ ಪುಟ್ಟ ಮೀಸೆಮೀನಿನ ಜಾತಿ.

ತೊಟ್ಟಿಯ ತಳಕ್ಕೆ ಹಾಕಲು ಮರಳಿತ್ತು, ಬಣ್ಣದ ಕಲ್ಲುಪುಡಿಯೂ ಇತ್ತು. ನಾನು ನೀಲಿ ಕಲ್ಲು ಆರಿಸಿದೆ. ಮೀನಿಗೆ ಏನು ಹಿತ ಎಂದು ಕೇಳಬೇಕಿತ್ತು. ಹಾಲಿನ ಕರ್ಟನ್ನಿಗೆ ಮ್ಯಾಚ್ ಆಗುತ್ತದೆ ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

ನಮ್ಮದು ಲಿಂಗ ಕಟ್ಟಿದ ಮನೆ. ಮೊಟ್ಟೆಯೂ ಒಳಗೆ ಬಂದದ್ದಿಲ್ಲ. (ಕಾನ್ವೆಂಟಿನಲ್ಲಿ ಕ್ರಿಸ್‌ಮಸ್ ಕೇಕು ತಿಂದದ್ದನ್ನು ನಾನು ಅಮ್ಮನಿಗೆ ಕೊನೆಯವರೆಗೂ ಹೇಳಲಿಲ್ಲ.) ಮೀನಿನ ಆಹಾರದ ಡಬ್ಬಿ ತೆರೆದರೆ ಬರುವ ವಾಸನೆಗೆ ನಮ್ಮ ಯಜಮಾನರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಅವರು ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್ ಆಗಿದ್ದವರು, ಬದುಕಿನುದ್ದಕ್ಕೂ ಲ್ಯಾಬಿನ ಕೊಳೆತಮೊಟ್ಟೆ ವಾಸನೆ ಕುಡಿದವರು. "ಅದು ಗ್ಯಾಸು ಕಣೆ, ಇದು ಮೀನು. ಎರಡಕ್ಕೂ ವ್ಯತ್ಯಾಸ ಐತೆ," ಎನ್ನುತ್ತಿದ್ದರು. ನಾನು ಮೀನಿಗೆ ಊಟ ಹಾಕಿ, ಎರಡು ಸಲ ಸೋಪಿನಲ್ಲಿ ಕೈ ತೊಳೆದು, ಆಮೇಲೆ ದೇವರ ದೀಪ ಮುಟ್ಟುತ್ತಿದ್ದೆ.

ಆಹಾರದ ಗುಳಿಗೆ ನೀರಿಗೆ ಬಿದ್ದರೆ ಆರೂ ಎಲ್ಲಿದ್ದರೂ ತಳವನ್ನು ಮೂಸುತ್ತ ಬರುತ್ತಿದ್ದವು. ಅವು ಕಣ್ಣಿನಿಂದ ಹುಡುಕುವುದಿಲ್ಲ, ಮೀಸೆಯಿಂದ ಹುಡುಕುತ್ತವೆ. ಆಗಾಗ ಒಂದು ರೊಯ್ಯನೆ ಮೇಲಕ್ಕೆ ಹೋಗಿ ಒಂದು ಗುಟುಕು ಗಾಳಿ ಕುಡಿದು ಅಷ್ಟೇ ಬೇಗ ಕೆಳಗಿಳಿಯುತ್ತಿತ್ತು, ಮೇಲಿನ ಲೋಕದಲ್ಲಿ ತನಗೇನೂ ಕೆಲಸವಿಲ್ಲ ಎಂಬಂತೆ. ಮಧ್ಯಾಹ್ನ ಆರೂ ಒಂದೇ ಕಡೆ ಮುಖ ಮಾಡಿ ಮಲಗುತ್ತಿದ್ದವು. ನಮ್ಮ ಬೋರ್ಡಿಂಗಿನ ಡಾರ್ಮಿಟರಿಯ ಮಂಚಗಳ ಹಾಗೆ. ನಾನೂ ಎದುರಿನ ಸೋಫಾದಲ್ಲಿ ಮಲಗುತ್ತಿದ್ದೆ.

ಆರೇಳು ತಿಂಗಳಾಗುವ ಹೊತ್ತಿಗೆ ಎರಡು ಮೀನುಗಳ ಮೀಸೆ ಸವೆದು ಮೊಂಡಾಯಿತು. ಚೂಪು ಕಲ್ಲಿನಲ್ಲಿ ಮೂತಿ ತಿಕ್ಕಿ ತಿಕ್ಕಿ ಹಾಗಾಗುತ್ತದೆಂದು ಓದಿದೆ. ಮರಳು ಹಾಕಬೇಕಿತ್ತು. ಆದರೆ ತೊಟ್ಟಿ ಖಾಲಿ ಮಾಡಲು ನನ್ನ ಮಂಡಿ ಒಪ್ಪಬೇಕಲ್ಲ. ನಾಳೆ, ಮುಂದಿನ ವಾರ ಎಂದು ದೂಡುತ್ತಲೇ ಇದ್ದೆ. ಮೀಸೆ ಇಲ್ಲದ ಆ ಎರಡು ಊಟಕ್ಕೆ ಕೊನೆಗೆ ಬರುತ್ತಿದ್ದವು, ಬಂದಾಗ ಏನೂ ಉಳಿದಿರುತ್ತಿರಲಿಲ್ಲ.

ಆ ದಿನಗಳಲ್ಲೇ ತಂಗಿ ಬಂದಳು. ಅವಳನ್ನು ಮಾರಿಕಣಿವೆಯಲ್ಲಿ ನೀರಾವರಿ ಇಲಾಖೆಯ ಕೆಲಸದಲ್ಲಿದ್ದವರಿಗೆ ಕೊಟ್ಟಿದ್ದು. ಆತ ತೀರಿಕೊಂಡು ಆರು ವರ್ಷ. ಈಗ ಹಿರಿಯೂರಿನಲ್ಲಿ ಮಗ ಸೊಸೆಯ ಜೊತೆಗಿದ್ದಾಳೆ. ದುರ್ಗದಲ್ಲಿ ಯಾರದೋ ಮದುವೆ ಮುಗಿಸಿ ನಮ್ಮ ಮನೆಗೆ ಬಂದವಳು ರೇಷ್ಮೆಸೀರೆಯಲ್ಲೇ ತೊಟ್ಟಿಯ ಮುಂದೆ ನೆಲದ ಮೇಲೆ ಕೂತುಬಿಟ್ಟಳು.

"ಅಕ್ಕ! ಇವು ಕಣ್ಣು ಹೊಡೀತವೆ ಕಣೆ! ನೋಡಿಲ್ಲಿ, ನಂಗೇ ಹೊಡೀತು!"

"ಎಲ್ಲರಿಗೂ ಹೊಡೀತವೆ," ಎಂದೆ. ನನಗೆ ಅದು ಇಷ್ಟವಾಗಲಿಲ್ಲ.

ಕಾಫಿ ಆರಿ ಹೋಯಿತು, ಅವಳು ಎದ್ದಿರಲಿಲ್ಲ. ಆಮೇಲೆ, ಚಿಕ್ಕಂದಿನಲ್ಲಿ ನನ್ನ ಹಳೆಯ ರಿಬ್ಬನ್ ಕೇಳುತ್ತಿದ್ದ ದನಿಯಲ್ಲೇ ಕೇಳಿದಳು: "ಎರಡು ಕೊಡ್ತೀಯೇನಕ್ಕ? ಮಗನ ಹಳೇ ತೊಟ್ಟಿ ಒಂದು ಅಟ್ಟದ ಮೇಲೆ ಹಂಗೇ ಐತೆ."

ಯಜಮಾನರು ಪೇಪರಿನ ಹಿಂದಿನಿಂದಲೇ, "ಕೊಡೆ, ಆರು ಅವೆಯಲ್ಲ," ಎಂದರು. ತಮ್ಮದಲ್ಲದ್ದನ್ನು ಕೊಡುವುದರಲ್ಲಿ ಅವರು ಯಾವಾಗಲೂ ಧಾರಾಳಿ.

ನಾನು ಬಲೆ ತಂದೆ. ಎರಡು ಹಿಡಿದು ಕ್ಯಾನಿಗೆ ಬಿಟ್ಟೆ. ಯಾವ ಎರಡು ಎಂದು ಹೇಳಬೇಕಿಲ್ಲ. ಅವು ಉಳಿಯುತ್ತವೆ ಎಂದು ನನಗೆ ಅನಿಸಿರಲಿಲ್ಲ. ಅವು ನನ್ನ ತೊಟ್ಟಿಯಲ್ಲಿ ಸಾಯುವುದನ್ನು ನೋಡುವುದು ಬೇಡವಾಗಿತ್ತು. ಅವಳ ಕಣ್ಣಿಗೂ ಪೊರೆ ಬರುತ್ತಿತ್ತು, ಮೀಸೆಯ ವಿಷಯ ಕಾಣಲಿಲ್ಲ. ಕ್ಯಾನನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನ ಕಿಟಕಿಯಿಂದ ಕೈ ಬೀಸಿದಳು. ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಆರು ವರ್ಷದಿಂದ ನೋಡಿರಲಿಲ್ಲ. ಮನೆಗೆ ಬಂದು ನಾನು ಚೆನ್ನಾಗಿ ನಿದ್ದೆ ಮಾಡಿದೆ, ಅದನ್ನೂ ಬರೆದುಬಿಡುತ್ತೇನೆ.

ಅವು ಸಾಯಲಿಲ್ಲ. ಭಾನುವಾರಕ್ಕೊಮ್ಮೆ ಅವಳ ಫೋನು ಬರುತ್ತಿತ್ತು, ಪ್ರತಿಸಲವೂ ಮೀನಿನ ಕುಶಲವೇ ಮೊದಲು. ಮನೆ ಕಟ್ಟಿಸಿದಾಗ ಮಿಕ್ಕಿದ್ದ ವೇದಾವತಿಯ ನುಣ್ಣನೆ ಮರಳನ್ನು ಹತ್ತು ಸಲ ತೊಳೆದು ಹಾಸಿದ್ದಳಂತೆ. "ಹಿಟ್ಟಿನಂಗೆ ಜರಡಿ ಹಿಡೀತವೆ ಕಣಕ್ಕ. ಬಾಯಾಗೆ ತಗಂಡು ಕೆನ್ನೆಯಿಂದ ಹೊರಗೆ ಬಿಡ್ತವೆ. ನಿಂಗೆ ಗೊತ್ತಿರ್ತತೆ ಬಿಡು." ನನಗೆ ಗೊತ್ತಿರಲಿಲ್ಲ. ನನ್ನ ನೀಲಿ ಕಲ್ಲುಗಳು ಅವುಗಳ ಬಾಯಿಯಲ್ಲಿ ಹಿಡಿಸುವಂಥವಲ್ಲ. ಎರಡೇ ಇದ್ದರೆ ಮೂಲೆ ಹಿಡಿಯುತ್ತವೆ ಎಂದು ಅಂಗಡಿಯವರು ಹೇಳಿದ್ದರಲ್ಲ, ಅವಳಲ್ಲಿ ಅದೂ ಸುಳ್ಳಾಯಿತು. ಇಡೀ ದಿನ ತೊಟ್ಟಿಯ ಎದುರಿಗೇ ಕೂತು ಸೊಪ್ಪು ಬಿಡಿಸುತ್ತಾಳೆ, ಅವಳನ್ನೇ ಗುಂಪು ಎಂದುಕೊಂಡಿರಬೇಕು.

ಮುಂಗಾರು ಹಿಡಿದ ಮೇಲೆ ಒಂದು ಬೆಳಿಗ್ಗೆ ಅವಳ ಸೊಸೆ ಯಜಮಾನರ ಫೋನಿಗೆ ವಿಡಿಯೊ ಕಳಿಸಿದಳು. ತೊಟ್ಟಿಯ ಗಾಜಿಗೆ ಸಬ್ಬಕ್ಕಿ ಅಂಟಿಸಿದ ಹಾಗೆ ಮೊಟ್ಟೆಗಳು. ಹತ್ತಿರದಲ್ಲೇ ತೇಲಿ ಬಂದ ಮೀನಿನ ಮುಖ, ಮುಖದ ಸುತ್ತ ಕೂದಲೆಳೆಯಂಥ ಹೊಸ ಮೀಸೆ.

"ನೋಡೆ! ಮೊಟ್ಟೆ ಇಟ್ಟಾವೆ! ಗಂಡು ಹೆಣ್ಣು ಜೋಡೀನೇ ಕೊಟ್ಟಿದೀಯಲ್ಲೆ ನೀನು!" ಯಜಮಾನರು ಎದ್ದೇ ನಿಂತಿದ್ದರು. ನನ್ನ ತೊಟ್ಟಿಯ ಹತ್ತಿರ ಅವರು ಹಾಗೆ ಎದ್ದು ಬಂದದ್ದಿಲ್ಲ. ಆ ವಿಡಿಯೊವನ್ನು ಕನ್ನಡಕ ಹಣೆಗೇರಿಸಿ ಮೂರು ಸಲ ನೋಡಿದರು. ನಾನು ಒಂದೇ ಸಲ ನೋಡಿ, ಅಡುಗೆಮನೆಗೆ ಹೋಗಿ, ಬೇಡದಿದ್ದರೂ ತೆಂಗಿನಕಾಯಿ ತುರಿದೆ.

ನನ್ನಲ್ಲಿ ಫಿಲ್ಟರ್ ಇತ್ತು, ಲೈಟ್ ಇತ್ತು, ಇಂಗ್ಲಿಷಿನಲ್ಲಿ ಓದಿ ನೋಟ್ಸ್ ಬರೆದುಕೊಂಡ ಡೈರಿ ಇತ್ತು. ಅವಳಲ್ಲಿ ಮರಳಿತ್ತು. ಮೊಟ್ಟೆಗಳನ್ನು ಬೆರಳ ತುದಿಯಲ್ಲಿ ಉರುಳಿಸಿ ಬಿಡಿಸಿ ಐಸ್‌ಕ್ರೀಮ್ ಡಬ್ಬಿಗೆ ಹಾಕಿ, ಅದರಲ್ಲಿ ಅಂಗಳದ ಬಾದಾಮಿ ಮರದ ಒಣಗಿದ ಎಲೆಯೊಂದನ್ನು ಬಿಟ್ಟಿದ್ದಳು. ಆ ಎಲೆಯ ಕಂದು ರಸ ಮೊಟ್ಟೆಗೆ ಬೂಸು ಹಿಡಿಯದಂತೆ ಕಾಯುತ್ತದೆ ಎಂದು ನಾನು ಡೈರಿಯಲ್ಲಿ ಬರೆದಿಟ್ಟಿದ್ದೆ. "ಎಲೆ ಹಾಕಬೇಕೂಂತ ನಿನಗೆ ಯಾರು ಹೇಳಿದರು?" ಎಂದು ಫೋನಿನಲ್ಲಿ ಕೇಳಿದೆ.

"ಯಾರು ಹೇಳ್ತಾರೆ? ಹೊಳೆಯಾಗೆ ಮರದ ಕೆಳಗೆ ಎಲೆ ಬಿದ್ದಿರಲ್ವ? ಹಂಗೇ ಹಾಕಿದೆ."

ಐದನೆಯ ದಿನಕ್ಕೆ ಮೊಟ್ಟೆ ಒಡೆದವು. ಹನ್ನೆರಡು ಮರಿ ಉಳಿದವು. ಅವಳ ಪಕ್ಕದ ಮನೆಯಾಕೆ ಒಂದು ಭಾನುವಾರ ಫೋನು ಕಿತ್ತುಕೊಂಡು ನನ್ನ ಜೊತೆ ಮಾತಾಡಿದರು: "ಅಕ್ಕಾರೆ, ನಿಮ್ಮ ತಂಗಿ ದಿನಾ ಹೇಳ್ತಿರ್ತಾರ್ರಿ. ನಮ್ಮಕ್ಕ ಇದ್ದಿದ್ರಾಗೇ ಒಳ್ಳೇವ್ನ ಆರಿಸಿ ಕೊಟ್ಳು, ಓದಿದೋಳು ನೋಡು, ಜೋಡಿ ಗುರುತು ಹಿಡಿದು ಕೊಟ್ಳು ಅಂತ. ನಂಗೂ ಅಂಥ ಅಕ್ಕ ಇದ್ದಿದ್ರೆ ಅನ್ಸತೈತಿ." ನಾನು ಥ್ಯಾಂಕ್ಯೂ ಎಂದೆ.

ಅಲ್ಲಿಂದಾಚೆಗೆ ನನಗೆ ಒಂದೇ ಹಟ. ನನ್ನ ನಾಲ್ಕು ಮೀನೂ ಮೊಟ್ಟೆ ಇಡಬೇಕು. ಹೇಗೆ ಎಂದು ಅವಳನ್ನು ನೇರವಾಗಿ ಕೇಳಿದರೆ ನನ್ನ ಡಿಗ್ನಿಟಿ ಹೋಗುತ್ತದೆ. ಮಾತಿನ ನಡುವೆ ಹಗುರಾಗಿ ಕೇಳಿದೆ, "ನೀನು ನೀರು ಯಾವುದು ಹಾಕ್ತೀಯೆ?"

"ನಲ್ಲಿ ನೀರೇ ಅಕ್ಕ. ಹಿಂದಿನ ದಿನ ಬಿಂದಿಗೇಲಿ ಹಿಡಿದು ಇಡ್ತೀನಿ. ಮಾರನೇ ಬೆಳಿಗ್ಗೆ ತಣ್ಣಗಿರ್ತತಲ್ಲ, ಹಂಗೇ ಸುರೀತೀನಿ. ಮಳೆ ಬಂತೇನೋ ಅನ್ಕಂಡು ಕುಣೀತವೆ."

ತಣ್ಣಗೆ ಇಟ್ಟ ನೀರು. ಅಷ್ಟೇನಾ ಎಂದುಕೊಂಡೆ. ನಾನು ಅದಕ್ಕಿಂತ ಒಳ್ಳೆಯದನ್ನೇ ಕೊಡಬಲ್ಲೆ. ನಮ್ಮ ಕಡೆ ಕುಡಿಯುವ ನೀರೆಂದರೆ ತಾಮ್ರದ ಹಂಡೆಯ ನೀರು. ನೀರು ಶುದ್ಧವಾಗುತ್ತದೆ, ತಂಪಾಗಿರುತ್ತದೆ, ಮಠದ ಸ್ವಾಮಿಗಳು ಬಂದರೂ ಅದರಿಂದಲೇ ಪಾದಕ್ಕೆ, ಬಾಯಿಗೆ. ಅಮ್ಮನ ಕಾಲದ ದೊಡ್ಡ ಹಂಡೆಯೊಂದು ಹಿರಿಯಳೆಂದು ನನ್ನ ಪಾಲಿಗೆ ಬಂದಿತ್ತು, ಈಚೆಗೆ ಕಪ್ಪಾಗಿ ಸ್ಟೋರ್‌ರೂಮಿನಲ್ಲಿ ಬಿದ್ದಿತ್ತು. ಅದನ್ನು ಹೊರಗೆ ತೆಗೆದು ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದೆ. ಮಂಡಿ ನೋವು ಆಗ ನೆನಪಾಗಲೇ ಇಲ್ಲ. ಹಂಡೆ ಮದುಮಗಳ ಕೆನ್ನೆಯ ಹಾಗಾಯಿತು. ನೀರು ತುಂಬಿಸಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ತೊಟ್ಟಿಯ ಅರ್ಧ ನೀರು ತೆಗೆದು ಹಂಡೆಯದ್ದನ್ನು ಸುರಿದೆ. ಅವಳದ್ದು ಪ್ಲಾಸ್ಟಿಕ್ ಬಿಂದಿಗೆ, ನನ್ನದು ಅಮ್ಮನ ಹಂಡೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಮೀನುಗಳು ಕುಣಿದವು, ನಿಜ. ಮೇಲಕ್ಕೂ ಕೆಳಕ್ಕೂ ಗಾಜಿಗೆ ಮೈ ತಿಕ್ಕುತ್ತ ಓಡಾಡಿದವು. ಯಜಮಾನರನ್ನು ಕರೆದು ತೋರಿಸಿದೆ. "ಎಷ್ಟು ಆಕ್ಟಿವ್ ಆಗಿದಾವೆ ನೋಡಿ!" ಸಂಜೆಯ ಹೊತ್ತಿಗೆ ನಾಲ್ಕೂ ಮೇಲ್ಮೈಯಲ್ಲಿ ಬಾಯಿ ಬಡಿಯುತ್ತಿದ್ದವು. ಮಾರನೆಯ ಬೆಳಿಗ್ಗೆ ಒಂದು ನೀಲಿ ಕಲ್ಲಿನ ಮೇಲೆ ಮಗ್ಗುಲಾಗಿ ಬಿದ್ದಿತ್ತು.

ತೊಟ್ಟಿಯ ನೀರು ಕೆಟ್ಟಿರಬೇಕು ಎಂದುಕೊಂಡೆ. ಕೆಟ್ಟ ನೀರಿಗೆ ಮದ್ದೇನು? ಒಳ್ಳೆಯ ನೀರು. ಒಳ್ಳೆಯ ನೀರು ಎಲ್ಲಿದೆ? ಹಂಡೆಯಲ್ಲಿ. ಮತ್ತೆ ಅರ್ಧ ತೆಗೆದು ಮತ್ತೆ ಅದನ್ನೇ ಸುರಿದೆ. ಮಧ್ಯಾಹ್ನಕ್ಕೆ ಇನ್ನೊಂದು ಹೋಯಿತು.

ಉಳಿದವು ಎರಡು. ಅವುಗಳ ಕಿವಿರು ಎಷ್ಟು ಜೋರಾಗಿ ಬಡಿದುಕೊಳ್ಳುತ್ತಿತ್ತೆಂದರೆ ನೋಡುತ್ತ ಕೂತ ನನಗೆ ಉಸಿರು ಸಾಲದಾಯಿತು. ಏನು ಮಾಡಬೇಕೆಂದು ತಿಳಿದವಳು ನನಗೆ ಗೊತ್ತಿದ್ದಂತೆ ಒಬ್ಬಳೇ ಇದ್ದಳು, ನಲವತ್ತು ಕಿಲೋಮೀಟರ್ ದೂರದಲ್ಲಿ. ನಂಬರ್ ಒತ್ತಿದರೆ ಮುಗಿಯಿತು. ನಾನು ಫೋನನ್ನು ಕೈಯಲ್ಲಿ ಹಿಡಿದು ಅರ್ಧ ಗಂಟೆ ಕೂತಿದ್ದೆ. ಎಪ್ಪತ್ತು ವರ್ಷದಲ್ಲಿ ಅವಳು ನನ್ನನ್ನು ಏನೇನೋ ಕೇಳಿದ್ದಾಳೆ. ಅರ್ಜಿ ಬರೆದುಕೊಡು ಎಂದು, ಬ್ಯಾಂಕಿನ ಫಾರಂ ತುಂಬು ಎಂದು, ಮಗನಿಗೆ ಹೆಸರು ಹುಡುಕು ಎಂದು. ನಾನು ಅವಳನ್ನು ಬಾಯಿಬಿಟ್ಟು ಏನನ್ನೂ ಬೇಡಿರಲಿಲ್ಲ.

"ಮಾಡೆ ಫೋನು," ಎಂದರು ಯಜಮಾನರು. "ನೀನು ಮಾಡದಿದ್ರೆ ನಾನೇ ಮಾಡ್ತೀನಿ."

ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ. "ಊಟ ಹಾಕಬ್ಯಾಡ. ಏನೂ ಮುಟ್ಟಬ್ಯಾಡ. ಬಂದೆ," ಎಂದು ಇಟ್ಟುಬಿಟ್ಟಳು.

ಎರಡೂವರೆ ಗಂಟೆಯಲ್ಲಿ ಆಟೊ ಬಂದು ನಿಂತಿತು. ಎರಡೂ ಕೈಯಲ್ಲಿ ಒಂದೊಂದು ಕ್ಯಾನು, ತನ್ನ ತೊಟ್ಟಿಯದೇ ನೀರು. ಚಪ್ಪಲಿ ಬಿಟ್ಟವಳೇ ಬಕೆಟ್ ಕೇಳಿದಳು. ಪ್ಲಾಸ್ಟಿಕ್ಕಿನದ್ದೇ ಆಗಬೇಕು ಎಂದಳು. ನಾನು ಬಲೆ ತಂದರೆ, "ಅಯ್ಯೋ, ಬಲೆ ಬ್ಯಾಡ. ರೆಕ್ಕೆ ಮುಳ್ಳು ಸಿಕ್ಕಾಕ್ಕಂತತೆ," ಎಂದು ಅಡುಗೆಮನೆಯ ಡಬ್ಬಿಯೊಂದನ್ನು ನೀರಿಗೆ ಇಳಿಸಿ ಒಂದೊಂದನ್ನೇ ಉಪಾಯವಾಗಿ ಒಳಗೆ ಓಡಿಸಿಕೊಂಡಳು. ಬಕೆಟ್ಟಿಗೆ ಬಿಟ್ಟ ಮೇಲೆ ಸೊಂಟ ನೆಟ್ಟಗೆ ಮಾಡಿ, "ಈಗ ಹೇಳು, ಏನು ಹಾಕ್ದೆ?" ಎಂದಳು.

"ನೀರು. ನೀನು ಹೇಳಿದ ಹಾಗೇ, ಹಿಂದಿನ ದಿನ ಹಿಡಿದಿಟ್ಟದ್ದು."

"ಯಾತ್ರಾಗೆ ಹಿಡಿದಿಟ್ಟಿದ್ದೆ?"

ನಾನು ಹಿತ್ತಲ ಬಾಗಿಲ ಕಡೆ ತೋರಿಸಿದೆ. ಹಂಡೆ ಬಿಸಿಲಿಗೆ ಝಗಝಗ ಹೊಳೆಯುತ್ತಿತ್ತು. ಅವಳು ಹೋಗಿ ಬೆರಳಾಡಿಸಿ ನೋಡಿದಳು, ಮೂಸಿದಳು.

"ಹುಣಸೆಹಣ್ಣು ಹಾಕಿ ತಿಕ್ಕಿದೀಯ?"

"ಹೌದು."

"ಅಕ್ಕಾ, ನಮ್ಮತ್ತೆ ಮನೆ ಹೊಳಲ್ಕೆರೆ ಕಡೆ ದಾಳಿಂಬೆ ತೋಟ ಐತಲ್ಲ. ಒಂದ್ಸಲ ಔಷಧಿ ಹೊಡೆದ ಡ್ರಮ್ಮು ತೊಳೆದು ಹೊಂಡಕ್ಕೆ ಸುರಿದುಬಿಟ್ರು. ಬೆಳಗಾಗದ್ರೊಳಗೆ ಹೊಂಡದ ಮೀನೆಲ್ಲ ಮೇಲಕ್ಕೆ ಬಂದಿದ್ವು." ನನ್ನ ಯಜಮಾನರ ಕಡೆ ತಿರುಗಿ ಕೇಳಿದಳು, "ಭಾವಾರೆ, ಆ ಔಷಧಿಗೆ ಮೈಲುತುತ್ತ ಹಾಕ್ತಾರಲ್ಲ, ಅದು ತಾಮ್ರದ್ದೇ ಅಲ್ವೇನ್ರಿ?"

ಯಜಮಾನರು ಕುರ್ಚಿಯಲ್ಲಿ ಕೂತರು. "ಕಾಪರ್ ಸಲ್ಫೇಟ್," ಎಂದರು ನಿಧಾನವಾಗಿ. "ಹುಣಸೆಹಣ್ಣು ಆಸಿಡ್ಡು. ತಾಮ್ರ ಬಿಡ್ತತೆ ನೀರಿಗೆ. ಅಯ್ಯೋ, ಮೂವತ್ತೈದು ವರ್ಷ ಇದನ್ನೇ ಅಲ್ವೇನೆ ನಾನು ಪಾಠ ಮಾಡಿದ್ದು."

"ಮನೆಯಾಗೂ ಸ್ವಲ್ಪ ಮಾಡಬೇಕಿತ್ತು ಭಾವ," ಎಂದಳು ತಂಗಿ. ಅವರು ನಕ್ಕರು, ಅವಳೂ ನಕ್ಕಳು. ನನಗೆ ನಗು ಬರಲಿಲ್ಲ. ಮನುಷ್ಯರಿಗೆ ಅಮೃತ ಎಂದು ನಾನು ಕೊಟ್ಟದ್ದು ಮೀನಿಗೆ ವಿಷವಾಗಿತ್ತು. ಅದಕ್ಕಿಂತ ನನಗೆ ನೋವಾದದ್ದು, ನಾಚಿಕೆ ಬಿಟ್ಟು ಬರೆಯುತ್ತೇನೆ, ಅದನ್ನು ಕಂಡುಹಿಡಿದವಳು ಅವಳು.

ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ, ಕಲ್ಲು ಎಸೆದು, ಮರಳು ಹಾಸುವವರೆಗೆ ಆ ಎರಡು ಮೀನು ಇಲ್ಲಿರುವಂತಿರಲಿಲ್ಲ. ಸಂಜೆ ಬಸ್ಸಿಗೆ ಅವಳು ಹೊರಟಾಗ ಕ್ಯಾನಿನಲ್ಲಿ ಮತ್ತೆ ನನ್ನ ಎರಡು ಮೀನಿದ್ದವು. "ಉಳಿಸಿ ಕೊಡ್ತೀನಿ ಕಣಕ್ಕ. ನೀನು ಕೊಟ್ಟವ್ನೇ ಉಳಿಸ್ಕಂಡಿಲ್ವ?" ಎಂದಳು. ಖಾಲಿ ತೊಟ್ಟಿಯ ಎದುರಿನ ಸೋಫಾದಲ್ಲಿ ಆ ತಿಂಗಳು ನಾನು ಕೂರಲೇ ಇಲ್ಲ.

ತೊಟ್ಟಿಗೆ ಮರಳು ಹಾಕಿಸಿ, ನೀರು ತಿಳಿಯಾದ ಮೇಲೆ ಹಿರಿಯೂರಿಗೆ ಹೋದೆ. ದಾರಿಯುದ್ದಕ್ಕೂ ಒಂದು ಲೆಕ್ಕಾಚಾರ ನಡೆದಿತ್ತು. ನನ್ನ ಎರಡು ಮೀನು ಗಂಡೋ ಹೆಣ್ಣೋ ಯಾರಿಗೆ ಗೊತ್ತು? ಮೊಟ್ಟೆ ಇಡುವ ಜೋಡಿ ಅವಳ ಹತ್ತಿರ ಇದೆ. ಆ ಜೋಡಿ ಮೂಲತಃ ಯಾರದ್ದು? ನಾನು ಕೊಟ್ಟದ್ದು. ಅಕ್ಕ ಕೊಟ್ಟದ್ದನ್ನು ಅಕ್ಕ ವಾಪಸ್ ಕೇಳಿದರೆ ತಪ್ಪೇನು? ಹಾಗೆಂದು ನನ್ನನ್ನು ನಾನೇ ಒಪ್ಪಿಸಿಕೊಂಡಿದ್ದೆ.

ಅವಳ ತೊಟ್ಟಿ ಅಡುಗೆಮನೆಯ ಕಟ್ಟೆಗೆ ಹೊಂದಿಕೊಂಡಂತೆ ಇತ್ತು. ಗಾಜಿನ ಮೂಲೆಯೊಂದು ಬಿರುಕು ಬಿಟ್ಟು ಎಂ-ಸೀಲ್ ಮೆತ್ತಿದ್ದರು. ಹಸಿರು ಪಾಚಿ, ಒಂದು ಮುರಿದ ಮಡಕೆ, ಕಂದು ಎಲೆ. ಇಷ್ಟೇ ಎಂದುಕೊಂಡು ಬಗ್ಗಿ ನೋಡಿದೆ. ಬೆಲ್ಲದ ಬಣ್ಣದ ಮರಳಿನ ಮೇಲೆ ಚಿಕ್ಕವು ದೊಡ್ಡವು ಎಲ್ಲ ಸೇರಿ ಹಿಂಡು ಹಿಂಡಾಗಿ ಓಡಾಡುತ್ತಿದ್ದವು. ಕೊರಳುದ್ದ ಮರಳಿಗೆ ಮುಖ ಹೂತು, ಅದನ್ನು ಹೊಗೆಯ ಹಾಗೆ ಕಿವಿರಿನಿಂದ ಬಿಡುತ್ತಿದ್ದವು. ನನ್ನ ಮನೆಯಲ್ಲಿ ಇಷ್ಟು ಸುಖವಾಗಿದ್ದದ್ದನ್ನು ನಾನು ಒಂದು ದಿನವೂ ಕಂಡಿರಲಿಲ್ಲ. ನನ್ನವು ಯಾವುವು ಎಂದು ನನಗೆ ಗೊತ್ತಾಗಲಿಲ್ಲ. ಅವಳನ್ನೇ ಕೇಳಬೇಕಾಯಿತು.

ಪಕ್ಕದ ಮನೆಯಾಕೆ ಮಂಡಕ್ಕಿ ಒಗ್ಗರಣೆ ಹಿಡಿದು ಬಂದು ಕೂತಿದ್ದರು. ಅವರ ಎದುರಿಗೇ ಹೇಳಿಬಿಟ್ಟೆ: "ನಾನು ಮೊದಲು ಕೊಟ್ಟಿದ್ದೆನಲ್ಲ, ಆ ಜೋಡೀನೇ ನನಗೆ ಬೇಕು. ನನ್ನೆರಡು ನೀನಿಟ್ಟುಕೋ."

 ತಂಗಿ ಡಬ್ಬಿ ತೆಗೆದುಕೊಂಡು ಮೊಳಕೈವರೆಗೆ ಕೈ ಇಳಿಸಿದಳು. "ತಗಂಡೋಗಕ್ಕ. ನಿನ್ನವೇ ಅಲ್ವ." ಪಕ್ಕದವರ ಕಡೆ ತಿರುಗಿ, "ನಮ್ಮಕ್ಕ ಕೊಡಬೇಕಾದ್ರೆ ಒಳ್ಳೇವ್ನೇ ಕೊಟ್ಟಿದ್ಲು. ನಾನು ಕೆಟ್ಟವ್ನ ಇಟ್ಕ ಅನ್ನಕಾಗ್ತತಾ?" ಎಂದಳು. ಆ ದೊಡ್ಡ ಹೆಣ್ಣುಮೀನು ಅವಳ ಕೈಗೆ ಹೆದರಲಿಲ್ಲ. ಬೆರಳಿಗೆ ಮೀಸೆ ತಾಗಿಸಿ ಮೂಸುತ್ತಿತ್ತು.

ನನ್ನ ಬಾಯಿಂದ ಮಾತು ಹೊರಟುಬಿಟ್ಟಿತು. "ಅವು ಒಳ್ಳೆಯವಾಗಿರಲಿಲ್ಲ ಕಣೆ. ಮೀಸೆ ಸವೆದು ಹೋಗಿತ್ತು. ಸಾಯ್ತವೆ ಅಂತಲೇ ನಿನಗೆ ಕೊಟ್ಟೆ."

ಪಕ್ಕದವರು ಮಂಡಕ್ಕಿ ತಿನ್ನುವುದನ್ನು ನಿಲ್ಲಿಸಿದರು. ತಂಗಿಯ ಕೈ ನೀರಿನಲ್ಲೇ ಇತ್ತು. ಅವಳು ಅಳಬಹುದು, ಬೈಯಬಹುದು, ಅಥವಾ ಹೋಗಲಿ ಬಿಡಕ್ಕ ಎನ್ನಬಹುದು ಎಂದು ಕಾದೆ. ಮೂರಕ್ಕೂ ನನ್ನ ಹತ್ತಿರ ಉತ್ತರ ಸಿದ್ಧವಾಗಿತ್ತು.

ಅವಳು ಡಬ್ಬಿಯನ್ನು ಓರೆ ಮಾಡಿ ಹೆಣ್ಣುಮೀನನ್ನು ಹೊರಗೆ ಬಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು, "ಹಂಗಾದ್ರೆ ಇವ್ನ ಕೊಡಾಕಿಲ್ಲ," ಎಂದಳು.

"ಅಂದರೆ?"

"ಕೊಡಾಕಿಲ್ಲ ಅಂದ್ರೆ ಕೊಡಾಕಿಲ್ಲ. ನೀನು ಒಳ್ಳೇವ್ನ ಕೊಟ್ಟಿದ್ರೆ ನಿನ್ನವು. ಸಾಯೋವ್ನ ಕೊಟ್ಟಿದ್ರೆ ಇವು ನನ್ನವು. ನಿನ್ನೆರಡು ತಗಂಡೋಗು, ಮರಿ ನಾಲ್ಕು ಕೊಡ್ತೀನಿ. ಗುಂಪು ಬೇಕಲ್ಲ ಅವಕ್ಕೆ." ದನಿ ಏರಿಸಲಿಲ್ಲ. ಬಗ್ಗಿ ಡಬ್ಬಿಯಲ್ಲಿ ಆರು ಮೀನು ಹಿಡಿದು ಕ್ಯಾನಿಗೆ ಬಿಟ್ಟಳು, ಬಾದಾಮಿ ಎಲೆ ಎರಡು ಪೇಪರಿನಲ್ಲಿ ಸುತ್ತಿ ಕೊಟ್ಟಳು, ಊಟಕ್ಕೆ ಎಬ್ಬಿಸಿದಳು. ಅನ್ನಕ್ಕೆ ತುಪ್ಪ ಎಂದಿನಷ್ಟೇ ಬಡಿಸಿದಳು. ಬಸ್‌ಸ್ಟ್ಯಾಂಡಿಗೆ ಬರಲಿಲ್ಲ, ಮಗನನ್ನು ಕಳಿಸಿದಳು.

ಅವಳು ನನಗೆ ಇಲ್ಲ ಎಂದದ್ದು ಅದೇ ಮೊದಲು. ಬಸ್ಸಿನಲ್ಲಿ ಕೂತು ನನಗೆ ಸಿಟ್ಟು ಬರಲಿ ಎಂದು ಕಾದೆ. ಬಂದದ್ದು ಅದೇ ಹಳೆಯ ಹೊಟ್ಟೆಕಿಚ್ಚು. ಹಾಗೆ ನೇರವಾಗಿ, ದನಿ ಏರಿಸದೆ ಇಲ್ಲ ಎನ್ನಲು ನನಗೆ ಯಾವ ಕಾನ್ವೆಂಟೂ ಕಲಿಸಲಿಲ್ಲ. ನಾನು ಯಾವಾಗಲೂ ನಗುತ್ತ ಹೌದು ಎಂದು, ಒಳಗೆ ಇಲ್ಲ ಎಂದುಕೊಂಡವಳು.

ಭಾನುವಾರ ಫೋನು ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ಮೂರನೆಯ ವಾರ ನಾನೇ ಮಾಡಿದೆ. ಮಾತಾಡಿದಳು. ಮೀನಿನ ಕುಶಲ ಕೇಳಿದಳು. ನಾನು ಪ್ಲಾಸ್ಟಿಕ್ ಬಿಂದಿಗೆ ಕೊಂಡದ್ದನ್ನು ಹೇಳಿದೆ. ಆರೂ ಮರಳಿನಲ್ಲಿ ಮುಖ ಹೂಳುತ್ತವೆ ಎಂದೆ. ಮೊಟ್ಟೆ ಇಟ್ಟವೇ ಎಂದಳು, ಇಲ್ಲ ಎಂದೆ. "ಇಡ್ತವೆ ಬಿಡು, ಮರಿ ದೊಡ್ಡವಾಗಲಿ," ಎಂದಳು. ಈಗ ಪ್ರತಿ ಭಾನುವಾರ ಫೋನು ಮಾಡುವವಳು ನಾನು. ಅವಳು ಎರಡನೆಯ ರಿಂಗಿಗೇ ಎತ್ತುತ್ತಾಳೆ, ಆದರೆ ಮೊದಲಿನಷ್ಟು ಹೊತ್ತು ಮಾತಾಡುವುದಿಲ್ಲ.

ಮೊನ್ನೆ ಮಾತಿನ ಕೊನೆಯಲ್ಲಿ ಹೇಳಿದಳು, ಎರಡನೆಯ ಸಲದ ಮರಿಗಳಲ್ಲಿ ಪಕ್ಕದ ಮನೆಯಾಕೆಗೆ ಎಂಟು ಕೊಟ್ಟಳಂತೆ. ಒಳ್ಳೆಯದಾಯಿತು ಎಂದೆ. ನನಗೆ ನಾಲ್ಕು, ಅವರಿಗೆ ಎಂಟು ಯಾಕೆ ಎಂದು ಕೇಳುವ ಮಾತು ನಾಲಿಗೆಯವರೆಗೂ ಬಂದಿತ್ತು.